ಬಬಲೇಶ್ವರದಾಗಿನ ನಮ್ಮ ಸೀರಿ ಅಂಗಡಿ

ಬಬಲೇಶ್ವರದಲ್ಲಿ ನಮ್ಮದೊಂದು ಸೀರೆ ಅಂಗಡಿ ಇತ್ತು. ಇತ್ತು ಅನ್ನುವುದೂ ಪೂರ್ತಿ ಖರೆ ಅಲ್ಲ. ಅಂಗಡಿ ಈಗಲೂ ಇದೆ, ಸೀರೆ ಇಲ್ಲ.

ನಮ್ಮ ಮನೆಯವರು ಸೀರೆ ಮಾರುವುದನ್ನು ನಾನು ಮೊದಲು ನೋಡಿದ್ದು ತಿಕೋಟಾದ ನನ್ನ ತವರುಮನೆಯ ಪಡಸಾಲೆಯಲ್ಲಿ, ಮದುವೆಗೂ ಮುಂಚೆ. ಅವರಪ್ಪನ ಜೊತೆ ಗಂಟು ಹೊತ್ತುಕೊಂಡು ಬಂದಿದ್ದರು. ಒಂದು ಇಳಕಲ್ ಸೀರೆಯ ಸೆರಗನ್ನು ತಮ್ಮ ಹೆಗಲ ಮೇಲೇ ಹಾಕಿಕೊಂಡು ನಮ್ಮವ್ವನಿಗೆ ತೋರಿಸಿದರು. ನಾವು ಹುಡುಗಿಯರೆಲ್ಲ ಬಾಯಿ ಮುಚ್ಚಿಕೊಂಡು ನಕ್ಕೆವು. ಅವರು ನಗಲಿಲ್ಲ. ಆ ಕೆಂಪು ನಮ್ಮವ್ವನ ಮೈಬಣ್ಣಕ್ಕೆ ಯಾಕೆ ಒಪ್ಪುತ್ತದೆ ಅಂತ ಹೇಳುತ್ತಲೇ ಇದ್ದರು.

ಅಂಗಡಿ ಹಾಕಿದ ಮೇಲೆ ಸುತ್ತಲಿನ ಹಳ್ಳಿಗಳ ಮದುವೆಯ ಅರಬಿ-ಬಟ್ಟೆಯೆಲ್ಲ ನಮ್ಮಲ್ಲೇ. ಇಡೀ ಮನೆತನ ಟಂಟಂ ಗಾಡಿ ಮಾಡಿಕೊಂಡು ಬರುತ್ತಿತ್ತು. ಗಾದಿಯ ಮೇಲೆ ಕೂತು, ಚಹಾ ಕುಡಿದು, ಬಣ್ಣದ ಸಲುವಾಗಿ ಮುನಿಸಿಕೊಂಡು, ಮತ್ತೆ ಒಂದಾಗಿ, ಸಂಜೆಗೆ ಗಂಟು ಕಟ್ಟಿಸಿಕೊಂಡು ಹೋಗುತ್ತಿದ್ದರು.

ಆಮೇಲೆ ಎಲ್ಲರ ಕೈಗೂ ಫೋನ್ ಬಂತು. ಜನ ಬರುವುದನ್ನೇನೂ ನಿಲ್ಲಿಸಲಿಲ್ಲ. ಬಂದು, ಸೀರೆ ಬಿಚ್ಚಿಸಿ, ಫೋಟೊ ಹೊಡೆದುಕೊಂಡು, "ಮನ್ಯಾಗ ಕೇಳಿ ಹೇಳ್ತೀವ್ರಿ ಅಣ್ಣಾರ" ಅಂತ ಎದ್ದುಹೋಗುತ್ತಿದ್ದರು. ಬಿಚ್ಚಿದ ಸೀರೆಗಳನ್ನು ನಾವಿಬ್ಬರೂ ಮತ್ತೆ ಮಡಚಿಡುತ್ತಿದ್ದೆವು. ಕೊನೆಗೆ ವಿಜಯಪುರದಿಂದ ಕೊರಿಯರ್‌ನವನೊಬ್ಬ ಬಂದ. ಆನ್‌ಲೈನ್ ಪಾರ್ಸೆಲ್‌ಗಳನ್ನು ನಿಮ್ಮಲ್ಲಿ ಇಳಿಸುತ್ತೇವೆ, ಜನರಿಗೆ ನೀವು ಕೊಡಿ, ಕಮಿಷನ್ ಸಿಗುತ್ತದೆ ಅಂದ. ನಮ್ಮ ಮನೆಯವರು ಕೆಲವು ದಿನ ಊಟವನ್ನೇ ಸರಿಯಾಗಿ ಮಾಡಲಿಲ್ಲ. ಆಮೇಲೆ ಹೂಂ ಅಂದರು. ಮಗಳ ಮದುವೆ ಹತ್ತಿರ ಬಂದಿತ್ತು.

ಒಂದು ಮಧ್ಯಾಹ್ನ ಚೀಲದಿಂದ ತೆಗೆದ ಪಾರ್ಸೆಲ್‌ಗಳಲ್ಲಿ ಒಂದರ ಮೇಲೆ ನಮ್ಮ ಮಗಳ ಹೆಸರಿತ್ತು. ಅವರು ಮೇಲಿಂದಲೇ ಅಮುಕಿ ನೋಡಿದರು. ಒಳಗಿರುವುದು ಸೀರೆ ಅಂತ ಗೊತ್ತಾಯಿತು. ಮನೆಗೆ ತಂದು ಅವಳ ಕೈಗೆ ಕೊಟ್ಟರು.

ಮಗಳು ಹಿಗ್ಗಿನಿಂದ ಹರಿದು ತೆಗೆದಳು. ತಿಳಿಗುಲಾಬಿ ಬಣ್ಣ, ಮೈತುಂಬ ಜರಿ.

"ಮದುವ್ಯಾಗ ಅಕ್ಕಿಕಾಳ ಬೀಳೂ ಮುಂದ ಇದನ್ನ ಉಡ್ತೀನಿ. ಅಪ್ಪಾ, ಸಿಟ್ಟಾದಿ ಏನು?"

"ಸಿಟ್ಟ್ಯಾಕ ಆಗ್ಲಿ ಯವ್ವಾ? ಬಣ್ಣ ಛಲೋ ಐತಿ. ನಿನಗ ಒಪ್ತೈತಿ."

ಅವರು ಇಳಕಲ್ಲಿಗೆ ತಾವೇ ಹೋಗಿ, ಅವಳ ಮದುವೆಗೆಂದೇ ನೇಯಿಸಿ ತಂದ ಸೀರೆಯೊಂದು ಅಂಗಡಿಯ ಕಪಾಟಿನಲ್ಲಿತ್ತು. ಅದು ನನಗೆ ಮಾತ್ರ ಗೊತ್ತು. ಮಗಳು ಒಳಗೆ ಹೋದಮೇಲೆ ಕೇಳಿದೆ, "ಕಪಾಟಿನ್ಯಾಗ ಇಟ್ಟದ್ದು ತೋರ್ಸೂದಿಲ್ಲೇನ್ರಿ?"

"ಬ್ಯಾಡ. ಅಕಿ ಮಾರಿ ನೋಡಿದಿಲ್ಲ, ಎಷ್ಟ್ ಖುಷಿಯಾಗ್ಯಾಳ? ನೀನೂ ಹೇಳಬ್ಯಾಡ."

ಅದೇ ವಾರ ಆ ಸೀರೆಯನ್ನು, ಮೊಮ್ಮಗಳ ಮದುವೆಗೆ ಅಂತ ಕೇಳಿಕೊಂಡು ಬಂದ ಒಬ್ಬ ಮುದುಕಿಗೆ ಮಾರಿದರು. ತಾವೇ ಮಡಚಿ, ಕಾಗದ ಸುತ್ತಿ, ದಾರ ಕಟ್ಟತೊಡಗಿದರು. ದಾರದ ಗಂಟು ಬೀಳಲೇ ಒಲ್ಲದು.

"ಯಾಕೋ ಯಪ್ಪಾ, ಮೈಯಾಗ ಆರಾಮಿಲ್ಲೇನು?" ಅಂದಳು ಮುದುಕಿ.

"ಆರಾಮ ಅದೀನ್ರಿ ಆಯಿ," ಅಂದರು. ದಾರವನ್ನು ನಾನು ಇಸಿದುಕೊಂಡು ಕಟ್ಟಿಕೊಟ್ಟೆ.

ಮದುವೆ ವಿಜಯಪುರದಲ್ಲಿ, ಅಥಣಿ ರಸ್ತೆಯ ಒಂದು ಮಂಗಲ ಕಾರ್ಯಾಲಯದಲ್ಲಿ ಆಯಿತು. ಬೀಗರ ಕಡೆಯ ಹೆಣ್ಣುಮಕ್ಕಳು ಮಗಳ ಸೀರೆ ಮುಟ್ಟಿ ನೋಡಿ, "ಎಷ್ಟ್ ಚೆಂದ ಐತಿ! ನಿಮ್ಮ ಅಂಗಡೀದೇನ್ರಿ?" ಅಂತ ನಮ್ಮ ಮನೆಯವರನ್ನೇ ಕೇಳಿಬಿಟ್ಟರು.

ಮಗಳು ಬಾಯಿ ತೆರೆಯುವಷ್ಟರಲ್ಲಿ ಅವರೇ ಹೇಳಿದರು, "ಹೂನ್ರಿ, ನಮ್ಮ ಅಂಗಡಿಯಿಂದನ ಬಂದದ್ದು."

ಸುಳ್ಳೇನೂ ಅಲ್ಲ. ಮಗಳು ಅಪ್ಪನ ಮುಖವನ್ನೇ ನೋಡಿದಳು. ಆಮೇಲೆ ತಲೆ ತಗ್ಗಿಸಿದವಳು ಬಹಳ ಹೊತ್ತು ಎತ್ತಲಿಲ್ಲ. ನೋಡಿದವರು ತವರು ಬಿಡುವ ದುಃಖ ಅಂದುಕೊಂಡರು.

ಮದುವೆ ಮುಗಿದ ಮೇಲೆ ಉಳಿದ ಸೀರೆಗಳನ್ನೆಲ್ಲ ವಿಜಯಪುರದ ಸ್ಟೇಷನ್ ರಸ್ತೆಯ ವ್ಯಾಪಾರಿಯೊಬ್ಬನಿಗೆ ಒಟ್ಟಿಗೇ ಕೊಟ್ಟೆವು. ಈಗ ಅಂಗಡಿ ತುಂಬ ಪಾರ್ಸೆಲ್. ಹಳೆಯ ಗಿರಾಕಿಗಳು ಬರುತ್ತಾರೆ, ನಂಬರು ಹೇಳುತ್ತಾರೆ, ಒಯ್ಯುತ್ತಾರೆ. ಗಾದಿ ತೆಗೆದಿದ್ದೇವೆ. ಕೂಡುವವರು ಯಾರೂ ಇಲ್ಲ.

ಪ್ರತಿ ದೀಪಾವಳಿಗೆ ನನ್ನ ಸೀರೆ ಆರಿಸುತ್ತಿದ್ದವರು ಅವರೇ. ನನ್ನನ್ನು ಕೇಳುತ್ತಲೂ ಇರಲಿಲ್ಲ. ಈ ಸಲ ಫೋನನ್ನು ನನ್ನ ಕೈಗಿಟ್ಟು, "ಯಾವ್ದು ಬೇಕು ನೀನ ನೋಡಿ ಒತ್ತು" ಅಂದರು.

ಬೆರಳಾಡಿಸಿದೆ. ಒಂದರ ಹಿಂದೊಂದು ಸೀರೆ ಬಂದವು, ಹೋದವು. ಕಣ್ಣು ಮಂಜಾಗಿ ಯಾವುದೂ ಕಾಣಲಿಲ್ಲ.

"ಈ ವರ್ಷ ಬ್ಯಾಡ ಬಿಡ್ರಿ," ಅಂದೆ.

ಅವರು ಒತ್ತಾಯ ಮಾಡಲಿಲ್ಲ.