ಕಾರ್ಡ್ ನೋಡದೆ ಹೊಲಿದ ನಾಲ್ಕು ಪಟ್ಟಿ

ಟೈಲರ್ ಸಂಘದವರು ಪುಸ್ತಕ ತರುತ್ತಿದ್ದಾರೆ. ನಿಮ್ಮನೆಯವರ ಬಗ್ಗೆ ಎರಡು ಪುಟ ಬರೆದುಕೊಡಿ ಎಂದರು. ನಾನು ಓದಿದ್ದು ಐದನೇ ಕ್ಲಾಸು. ಆದರೂ ಇದನ್ನು ನಾನೇ ಬರೆಯಬೇಕು.

ನಮ್ಮನೆಯವರ ಹೆಸರು ಮುನಿಯಣ್ಣ. ಕುರುಬರಹಳ್ಳಿ ಸರ್ಕಲ್ ಹಿಂದೆ, ಹಾಲಿನ ಬೂತ್ ಪಕ್ಕದಲ್ಲಿ ಮೂವತ್ತೊಂದು ವರ್ಷ ಯೂನಿಫಾರಂ ಹೊಲಿದರು. ಸ್ಕೂಲಿನದು, ಸೆಕ್ಯುರಿಟಿಯವರದು, ಬ್ಯಾಂಡ್ ಸೆಟ್ಟಿನವರದು. ಅವರದು ಒಂದು ನಿಯಮ ಇತ್ತು. ಭುಜದ ಮೇಲೆ ದರ್ಜೆಯ ಪಟ್ಟಿ ಹೊಲಿಯಬೇಕಾದರೆ ಮೊದಲು ಕೆಲಸದವರು ಕೊಟ್ಟ ಗುರುತಿನ ಕಾರ್ಡ್ ನೋಡಬೇಕು. ಅಪಾರ್ಟ್‌ಮೆಂಟ್ ಗೇಟಿನಲ್ಲಿ ಕೆಲಸ ಮಾಡುವ ಜಂಬಣ್ಣ ಒಂದು ಸಲ ಸೂಪರ್‌ವೈಸರ್ ಪಟ್ಟಿ ಕೇಳಿಕೊಂಡು ಬಂದ.

"ಕಾರ್ಡ್ ತೋರ್ಸಪ್ಪ."

"ಕಾರ್ಡ್ ಮುಂದಿನ ತಿಂಗ್ಳು ಬರತ್ತಣ್ಣ. ಮೊದ್ಲು ಹೊಲ್ದುಕೊಡಿ."

"ಹಂಗಾದ್ರೆ ಪಟ್ಟೀನೂ ಮುಂದಿನ ತಿಂಗ್ಳೇ ಬರತ್ತೆ."

"ಏನಣ್ಣ, ನೀವೇನ್ ಪೊಲೀಸಾ?"

"ಟೈಲರ್ ಕಣಪ್ಪ. ನೀನು ಹಾಕ್ಕೊಂಡು ಸುಳ್ಳು ಹೇಳಿದ್ರೆ ಹೊಲ್ದೋನು ನಾನೇ ತಾನೇ?"

ನಮಗೆ ಒಬ್ಬಳೇ ಮಗಳು, ಸಂಘಮಿತ್ರಾ. ಪಿಯುಸಿಯಲ್ಲಿ ಫಿಸಿಕ್ಸು, ಮ್ಯಾಥ್ಸು ತೆಗೆದುಕೊಂಡಳು. ಪೈಲಟ್ ಆಗುತ್ತೇನೆ ಎಂದಾಗ ನಾನು ನಕ್ಕೆ. ಅವರು ನಗಲಿಲ್ಲ. ಅಂಗಡಿ ಮುಚ್ಚಿ ಮಗಳ ಜೊತೆ ಮೆಡಿಕಲ್ ಪರೀಕ್ಷೆಗೆ ಹೋದರು. ಡಾಕ್ಟರು ಕಣ್ಣು, ಕಿವಿ, ಎದೆ ಎಲ್ಲ ನೋಡಿದರು. ಇವರು ಸರ್ಕಾರದ ಸಹಾಯಕ್ಕೆ ಅರ್ಜಿ ಹಿಡಿದು ಒಂದು ವರ್ಷ ಅಲೆದರು. ಊರಾಚೆಯ ಒಂದು ತರಬೇತಿ ಶಾಲೆಯಲ್ಲಿ ಸೀಟು ಸಿಕ್ಕಿತು.

ಲೈಸೆನ್ಸಿನ ಲೆಕ್ಕವನ್ನು ಅವರೇ ನನಗೆ ಹೇಳಿಕೊಟ್ಟರು. ಮೊದಲು ಸ್ಟೂಡೆಂಟ್ ಲೈಸೆನ್ಸು. ಆಮೇಲೆ ಮೇಷ್ಟರಿಲ್ಲದೆ ಒಬ್ಬಳೇ ಒಂದು ಸುತ್ತು ಹಾರಬೇಕು. ಆಗ ಆ ಶಾಲೆಯಲ್ಲಿ ಭುಜಕ್ಕೆ ಒಂದು ಪಟ್ಟಿ. ಇನ್ನೂರು ಗಂಟೆ ಹಾರಿ, ಎಲ್ಲ ಪರೀಕ್ಷೆ ಪಾಸಾಗಿ, ಕಮರ್ಷಿಯಲ್ ಲೈಸೆನ್ಸು ಬಂದರೆ ಮೂರು. ನಾಲ್ಕು ಪಟ್ಟಿ ಕ್ಯಾಪ್ಟನ್‌ದು. ಅದಕ್ಕೆ ಇನ್ನೂ ಎಷ್ಟೋ ವರ್ಷ ಬೇಕು.

ನನಗೆ ಅಷ್ಟು ತಾಳ್ಮೆ ಇರಲಿಲ್ಲ. ಪಕ್ಕದ ಮನೆ ಹನುಮಕ್ಕ ನೀರು ಹಿಡಿಯುವಾಗ ದಿನಾ ಕೇಳುತ್ತಿದ್ದಳು.

"ಏನ್ ಯಶೋದಮ್ಮ, ನಿನ್ ಮಗಳು ಇನ್ನೂ ಕಲೀತಾನೇ ಇದಾಳಾ? ನನ್ ಮಗ ಒಂದೇ ತಿಂಗ್ಳಿಗೆ ಕಾರ್ ಲೈಸೆನ್ಸ್ ತಗೊಂಡ ಕಣೇ."

ಮಗಳು ಒಬ್ಬಳೇ ಹಾರಿದಳು ಎಂದು ಫೋನ್ ಬಂದ ದಿನ ನಾನು ಇವರನ್ನು ಹಿಡಿದುಕೊಂಡೆ. ನಾಲ್ಕು ಪಟ್ಟಿ ಹೊಲಿಯಿರಿ, ಒಂದು ಫೋಟೊ ಬೇಕು ಎಂದೆ. ಅವರು ಆಗಲ್ಲ ಎಂದರು. ನಾನು ಎರಡು ದಿನ ಅವರ ಜೊತೆ ಮಾತು ಬಿಟ್ಟೆ. ಮೂರನೇ ದಿನ ಬಾಯಿ ಬಿಟ್ಟೆ.

"ಕಂಡೋರ ಮಕ್ಕಳಿಗೆ ಕಾರ್ಡ್ ಕೇಳಿ. ಸ್ವಂತ ಮಗಳಿಗೂ ಕಾರ್ಡ್ ಕೇಳ್ತೀರಾ?"

ಅವರು ಕೊರಳಿನ ಟೇಪು ತೆಗೆದು ಮಿಷನ್ ಮೇಲಿಟ್ಟರು. "ಫೋಟೊ ಮನೆಯಿಂದ ಆಚೆ ಹೋಗ್ಬಾರ್ದು. ಮಾತು ಕೊಡು" ಎಂದರು. ಕೊಟ್ಟೆ.

ಮಗಳು ಎರಡು ದಿನ ರಜೆಗೆ ಬಂದಳು. ಅಪ್ಪ ನಾಲ್ಕು ಪಟ್ಟಿ ಹೊಲಿದಿಟ್ಟ ಅಂಗಿ ನೋಡಿ, "ಅಮ್ಮ, ಇದು ಹಾಕ್ಕೊಳ್ಳೋ ಹಂಗಿಲ್ಲ" ಎಂದಳು. "ನಿಮ್ಮಪ್ಪನ ಆಸೆ ಕಣೇ. ಅವ್ರು ಬಾಯಿ ಬಿಟ್ಟು ಕೇಳಲ್ಲ. ಒಂದೇ ಒಂದು ಫೋಟೊ" ಎಂದೆ. ಅಪ್ಪನಿಗಾಗಿ ಹಾಕಿಕೊಂಡಳು.

ಅವಳು ಹೋದ ಮಾರನೇ ದಿನ ಆ ಫೋಟೊವನ್ನು ಫ್ಲೆಕ್ಸ್ ಅಂಗಡಿ ಸೀನನಿಗೆ ಕೊಟ್ಟೆ. ನಮ್ಮ ಏರಿಯಾದ ಹೆಮ್ಮೆ ಕ್ಯಾಪ್ಟನ್ ಸಂಘಮಿತ್ರಾ ಎಂದು ಬರೆಸಿದೆ. ಶಿವಮೊಗ್ಗದ ಮದುವೆಗೆ ಹೋಗಿದ್ದ ಇವರು ಬರುವವರೆಗೆ ಬ್ಯಾನರ್ ಎರಡು ದಿನ ಸರ್ಕಲ್ಲಿನಲ್ಲಿತ್ತು. ನಾನು ಕೊತ್ತಂಬರಿ ನೆಪದಲ್ಲಿ ಆರು ಸಲ ಹೋಗಿ ನೋಡಿ ಬಂದೆ. ಹನುಮಕ್ಕನನ್ನೂ ಕರೆದುಕೊಂಡು ಹೋಗಿದ್ದೆ.

ಇವರು ಬಸ್ ಇಳಿದವರೇ ಅಂಗಡಿಯ ಕತ್ತರಿ ತಂದು ಬ್ಯಾನರಿನ ಹಗ್ಗ ಕತ್ತರಿಸಿದರು. ಅಷ್ಟರಲ್ಲಿ ಅದರ ಫೋಟೊ ಫೋನಿನಿಂದ ಫೋನಿಗೆ ಹೋಗಿ ಶಾಲೆಯನ್ನು ಮುಟ್ಟಿತ್ತು. ಮಗಳು ಎಲ್ಲರ ಮುಂದೆ ತಪ್ಪೊಪ್ಪಿಗೆ ಬರೆದುಕೊಟ್ಟಳು. ಎರಡು ತಿಂಗಳು ಹಾರುವುದು ನಿಂತಿತು. ಜೊತೆಯ ಹುಡುಗರು ಕ್ಯಾಪ್ಟನ್ ಮೇಡಂ, ಟೀ ತರ್ಲಾ ಎನ್ನುತ್ತಿದ್ದರಂತೆ.

ಅವಳು ಅಪ್ಪನಿಗೆ ಫೋನ್ ಮಾಡಿದಳು. ನಾನು ಅಲ್ಲೇ ಸಾರು ಕುದಿಸುತ್ತಿದ್ದೆ.

"ಕಾರ್ಡ್ ಇಲ್ದೆ ಯಾರಿಗೂ ಹೊಲಿತಿರ್ಲಿಲ್ಲ ನೀನು. ನನಗ್ಯಾಕಪ್ಪ ಹಿಂಗ್ ಮಾಡ್ದೆ?"

ಅವರು ನನ್ನ ಕಡೆ ಒಂದು ಸಲ ನೋಡಿದರು. "ಆಸೆ ಆಯ್ತಮ್ಮ. ತಪ್ಪಾಯ್ತು" ಎಂದರು.

ನಾನು ಒಲೆ ಸಣ್ಣ ಮಾಡಿದೆ. ಅಷ್ಟೇ ಮಾಡಿದ್ದು.

ಅವರು ಬಸ್ಸು ಹತ್ತಿ ಶಾಲೆಗೂ ಹೋಗಿ ಎಲ್ಲ ತಮ್ಮದೇ ತಪ್ಪು ಎಂದು ಬರೆದುಕೊಟ್ಟು ಬಂದರು. ಏರಿಯಾದವರೂ ಅದನ್ನೇ ನಂಬಿದರು. ಜಂಬಣ್ಣ ಅಂಗಡಿ ಮುಂದೆ ನಿಂತು, "ಏನಣ್ಣ, ಈಗ್ಲೂ ಕಾರ್ಡ್ ಬೇಕಾ?" ಎಂದ. ಅವರು ಅಂದಿನಿಂದ ಯಾರಿಗೂ ಪಟ್ಟಿ ಹೊಲಿಯಲಿಲ್ಲ. ಮಗಳ ಫೋನು ಬಂದರೆ ಹೂಂ, ಸರಿ, ಊಟ ಆಯ್ತು, ಇಷ್ಟೇ ಮಾತು.

ಮಗಳಿಗೆ ನಿಜ ನಾನೇ ಹೇಳಿಬಿಡುತ್ತೇನೆ ಎಂದು ಒಂದು ಸಲ ಅಂದೆ. "ಬೇಡ ಕಣೇ. ಇಬ್ರ ಮೇಲೂ ಕೋಪ ಮಾಡ್ಕೊಂಡ್ರೆ ಅವಳು ಎಲ್ಲಿಗ್ ಬರ್ಬೇಕು?" ಎಂದರು. ನನಗೆ ಎದೆ ಹಗುರವಾಯಿತು. ಹಗುರವಾಯಿತು ಎಂಬುದನ್ನೂ ಬರೆಯಲೇಬೇಕು.

ಕಳೆದ ಸಂಕ್ರಾಂತಿ ಆದ ಮೇಲೆ ಒಂದು ಬೆಳಿಗ್ಗೆ ಮಿಷನ್ ಮೇಲೇ ಒರಗಿಕೊಂಡವರು ಮತ್ತೆ ಏಳಲಿಲ್ಲ. ಯಾರದೋ ಸ್ಕೂಲ್ ಲಂಗ ಅರ್ಧ ಹೊಲಿದಾಗಿತ್ತು. ಮಗಳು ಬಂದು ಕಾಲು ಹಿಡಿದುಕೊಂಡು, "ಕೊನೆಗೂ ನಿನ್ ಹತ್ರ ಸರಿಯಾಗ್ ಮಾತಾಡ್ಲಿಲ್ವಲ್ಲಪ್ಪ" ಎಂದು ಅತ್ತಳು. ಆಗಲೂ ನಾನು ಹೇಳಲಿಲ್ಲ.

ಹೋದ ತಿಂಗಳು ಅವಳಿಗೆ ಕಮರ್ಷಿಯಲ್ ಲೈಸೆನ್ಸು ಬಂತು. ಬಿಳಿ ಅಂಗಿ, ಬಂಗಾರದ ಬಣ್ಣದ ಪಟ್ಟಿ ತಂದು ನನ್ನ ಕೈಗಿಟ್ಟಳು. "ಅಪ್ಪನ ಮಿಷನ್ನಲ್ಲೇ ಹೊಲಿಯಮ್ಮ. ಮೂರು" ಎಂದಳು. ನಾನು ಕೂತೆ. ದಾರ ಪೋಣಿಸಿದೆ. ಪೆಡಲ್ ತುಳಿಯಲಿಲ್ಲ. ಎಲ್ಲ ಹೇಳಿದೆ.

"ಬ್ಯಾನರ್?"

"ನಾನೇ."

"ಅಪ್ಪನ ಆಸೆ ಅಂದಿದ್ದು?"

"ಸುಳ್ಳು."

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಅಂಗಿಯನ್ನು ನನ್ನ ಕೈಯಿಂದ ತೆಗೆದುಕೊಂಡಳು. ಲೈಸೆನ್ಸು ಈಗ ಫೋನಿನಲ್ಲೇ ಬರುತ್ತದೆ. ಆ ಫೋನನ್ನು ಅವರ ಫೋಟೊ ಮುಂದೆ ಹಿಡಿದು, "ಅಪ್ಪ, ಕಾರ್ಡ್ ನೋಡು" ಎಂದಳು. ಆಮೇಲೆ ನನ್ನನ್ನು ಏಳಿಸಿ ತಾನೇ ಮಿಷನ್ ಮುಂದೆ ಕೂತಳು. ಒಂದು ಪಟ್ಟಿ ಸೊಟ್ಟಗಾಯಿತು. ಬಿಚ್ಚಿ ಮತ್ತೆ ಹೊಲಿದಳು. ಮಧ್ಯಾಹ್ನ ಊಟ ಮಾಡದೆ ಹೊರಟಳು. ಚಪ್ಪಲಿ ಹಾಕಿಕೊಳ್ಳುತ್ತಾ ಹೇಳಿದಳು:

"ಬ್ಯಾನರ್ ಎಲ್ರೂ ನೋಡಿದ್ರಲ್ಲ. ಇದನ್ನೂ ಎಲ್ರಿಗೂ ಹೇಳು."

ಅದಕ್ಕೇ ಬರೆದೆ. ಮೊದಲು ಹನುಮಕ್ಕನಿಗೆ ಓದಿ ಹೇಳಿದೆ. "ಅಯ್ಯೋ, ನಾನ್ ತಮಾಷೆಗ್ ಅಂದಿದ್ದು ಕಣೇ" ಎಂದಳು. ಸಂಘದವರು ಅಚ್ಚು ಹಾಕುತ್ತಾರೋ ಇಲ್ಲವೋ ಗೊತ್ತಿಲ್ಲ. ಜಂಬಣ್ಣನಿಗೆ ಇನ್ನೂ ಹೇಳಿಲ್ಲ. ನಾಳೆ ಬೆಳಿಗ್ಗೆ ಅವನ ಗೇಟಿಗೆ ಹೋಗಬೇಕು.