ಬಿಳಿ ಗ್ಲೌಸಿನ ವ್ಯಾನಣ್ಣ

ಬಲಗೈಗೆ ಮಾತ್ರ ಬಿಳಿ ಗ್ಲೌಸು, ಎಡಗೈ ಬರಿದು. ಎಡಗೈಗೂ ಹಾಕಿಕೊಂಡರೆ ಗೇರು ಜಾರುತ್ತದಂತೆ. ಕೆ.ಆರ್. ನಗರದ ನಮ್ಮ ಶಾಲೆಯ ವ್ಯಾನ್ ಓಡಿಸುತ್ತಿದ್ದ ಅವರನ್ನು ಮಕ್ಕಳೆಲ್ಲ ವ್ಯಾನಣ್ಣ ಎನ್ನುತ್ತಿದ್ದರು. ಅಲ್ಲಿ ಟೀಚರಾಗಿರುವ ನಾನೂ, ಎರಡನೇ ಕ್ಲಾಸಿನ ನನ್ನ ಮಗಳೂ ದಿನಾ ಅದೇ ವ್ಯಾನಿನಲ್ಲಿ ಹೋಗುತ್ತಿದ್ದೆವು.

ಗ್ಲೌಸಿನ ಹುಚ್ಚು ಹತ್ತಿಸಿದ್ದು ಜಪಾನಿನ ಒಂದು ರೈಲು. ಬಿಡುವಾದಾಗಲೆಲ್ಲ ಮೊಬೈಲಿನಲ್ಲಿ ಅದನ್ನೇ ನೋಡುವರು. "ಬುಲೆಟ್ ರೈಲಲ್ಲ ಮಿಸ್. ಊರಿಂದೂರಿಗೆ ಓಗೋ ಕರೆಂಟ್ ಎಕ್ಸ್‌ಪ್ರೆಸ್ಸು. ಆ ಡ್ರೈವರ್ನ ನೋಡಿ, ಬಿಳಿ ಗ್ಲೌಸ್ ಆಕ್ಕೊಂಡವ್ನೆ, ಸಿಗ್ನಲ್ ಕಂಡ್ರೂ ಸುಮ್ನಿರಲ್ಲ, ಬೊಟ್ಟು ಮಾಡಿ ಬಾಯ್ಬುಟ್ಟು ಯೋಳ್ತಾನೆ!"

ಅಂದಿನಿಂದ ಇವರದೂ ಶುರುವಾಯಿತು. ಬಾಗಿಲಿಗೆ ಬೆರಳು: "ಬಾಗ್ಲು ಮುಚ್ಚೈತೆ!" ಕನ್ನಡಿಗೆ ಬೆರಳು: "ಇಂದ್ಗಡೆ ಖಾಲಿ!" ಮಕ್ಕಳು ಹೋ ಎಂದು ದನಿಗೂಡಿಸುವರು. ಟೀ ಅಂಗಡಿಯವನು, "ಏನ್ಲಾ, ಜಪಾನಿಗೆ ಹೊಂಟ್ಯಾ?" ಎಂದು ಕಿಚಾಯಿಸುವನು. ನನಗಂತೂ ಬೆಳ್ಳಂಬೆಳಗ್ಗೆ ತಲೆನೋವು, ಕರ್ಮ!

ಅವತ್ತು ಪರೀಕ್ಷೆ. ಹಿಂದಿನ ದಿನದ ಮಳೆಗೆ ರೈಲುಹಳಿಯ ಕೆಳಗಿನ ಅಂಡರ್‌ಪಾಸ್ ತುಂಬಿಹೋಗಿತ್ತು. ಊರವರು ಹಳಿಯ ಮೇಲೇ ದಾಟುತ್ತಿದ್ದರು. ಮಕ್ಕಳನ್ನೂ ಹಾಗೇ ದಾಟಿಸುವುದೆಂದಾಯಿತು. ಆಚೆ ಬದಿಗೆ ಇನ್ನೊಂದು ವ್ಯಾನ್ ಬಂದು ನಿಂತಿತ್ತು.

ಮಂಜು ಕವಿದಿತ್ತು. ಬಲಗಡೆ ಹಳಿ ಕಬ್ಬಿನ ಗದ್ದೆಯ ಪಕ್ಕ ತಿರುಗಿ ಮರೆಯಾಗುತ್ತದೆ. ವ್ಯಾನಣ್ಣ ಮಕ್ಕಳನ್ನು ಕೈಕೈ ಹಿಡಿಸಿ ನಿಲ್ಲಿಸಿದರು. ಎಲ್ಲರಿಗಿಂತ ಮುಂದೆ ನನ್ನ ಮಗಳು. ಎಡಕ್ಕೆ ಬೆರಳು ಚಾಚಿ, "ಎಡ್ಗಡೆ ಖಾಲಿ!" ಎಂದರು. ಮಕ್ಕಳೂ ಕೂಗಿದರು. ಬಲಕ್ಕೆ ಚಾಚಿದರು. ಕಣ್ಣು ಕಿರಿದುಮಾಡಿ ಮಂಜಿನೊಳಗೆ ನೋಡಿದರು.

"ಹೇಳ್ರೀ ಬೇಗ, ಬೆಲ್ ಆಗೋಗುತ್ತೆ!" ಎಂದೆ.

"ಕಾಣ್ತಿಲ್ಲ ಮಿಸ್."

"ಸದ್ದೇ ಇಲ್ವಲ್ಲ!"

"ಡೀಸೆಲ್‌ದು ದೂರದಿಂದ್ಲೇ ಗುಡುಗ್ತಿತ್ತು. ಈಗ ಬರೋದು ಕರೆಂಟಿಂದು. ಕಾಣ್ದೆ ಇರೋದ್ನ ಖಾಲಿ ಅಂತ ಎಂಗ್ ಅನ್ಲಿ?"

ಆಚೆಯ ವ್ಯಾನಿನವನು ಹಾರ್ನ್ ಮೇಲೆ ಹಾರ್ನ್ ಹೊಡೆದ. ಮಗಳು, "ಅಮ್ಮಾ, ಪರೀಕ್ಷೆ..." ಎಂದು ಅಳುತ್ತಾ ಹಳಿಯತ್ತ ಕಾಲಿಟ್ಟಳು. ಗ್ಲೌಸಿನ ಕೈ ಅವಳ ಬ್ಯಾಗು ಹಿಡಿದು ಹಿಂದಕ್ಕೆ ಎಳೆಯಿತು. ನಾನು ರೇಗಿ ಬಾಯಿ ತೆರೆದೆ. ಅಷ್ಟರಲ್ಲಿ ಹಳಿ ಕಿಣಿಗುಟ್ಟಿತು. ಮಂಜಿನೊಳಗಿಂದ ರೈಲು ಬಂದೇಬಿಟ್ಟಿತು! ಅದರ ಗಾಳಿಗೆ ನನ್ನ ಸೆರಗು ಮುಖಕ್ಕೆ ಬಡಿಯಿತು. ಕೊನೆಯ ಡಬ್ಬಿಯೂ ಹೋಯಿತು. ವ್ಯಾನಣ್ಣನ ಕೈ ಇನ್ನೂ ಬ್ಯಾಗು ಬಿಟ್ಟಿರಲಿಲ್ಲ.

"ವಾಪಸ್ ವ್ಯಾನ್ ಅತ್ತಿ ಎಲ್ರೂ," ಎಂದರು. "ಸುತ್ಕೊಂಡೇ ಓಗಣ. ಪರೀಕ್ಷೆ ತಡವಾದ್ರೆ ಆಗ್ಲಿ ಬುಡಿ."

ಹೋದ ವರ್ಷ ಎದೆನೋವೆಂದು ಆಸ್ಪತ್ರೆಗೆ ಹೋದ ವ್ಯಾನಣ್ಣ ಮನೆಗೆ ಮರಳಲಿಲ್ಲ. ತಿಥಿಯ ದಿನ ಅವರ ಹೆಂಡತಿ ಆ ಗ್ಲೌಸನ್ನು ಒಗೆದು ಮಡಿಸಿ ನನ್ನ ಮಗಳ ಕೈಗಿಟ್ಟರು. ಅವಳಿಗದು ಇನ್ನೂ ದೊಡ್ಡದು.

ಈಗ ರಸ್ತೆ ದಾಟುವಾಗ ನಾನೇ ಬೆರಳು ಚಾಚಿ ಜೋರಾಗಿ ಹೇಳುತ್ತೇನೆ. ಟೀ ಅಂಗಡಿಯವನು ನಕ್ಕರೆ ನಗಲಿ. ನನ್ನ ಇನ್ನೊಂದು ಕೈಯಲ್ಲಿ ಮಗಳ ಕೈ ಇರುತ್ತದೆ.