ಬೆಲ್ಲದಾಗ ಮುಚ್ಚಿದ ಕ್ವಿನೈನ್

ಜಗತ್ತಿನ ದೊಡ್ಡ ಲಡಾಯಿ ನಡದಿದ್ದ ವರ್ಷಗಳು ಅವು. ಶಹಾಬಾದದಾಗ ಫರಸಿ ಕಲ್ಲಿನ ಖಣಿಯವರ ಮಕ್ಕಳಿಗೆ ಚಳಿಜ್ವರ ಬಂದ್ರ ಕೇಳೋರೇ ಇರಲಿಲ್ಲ. ವಾಡಿಯಿಂದ ಒಬ್ರು ಡಾಕ್ಟರ್ ಸಾಹೇಬ್ರು ಐತವಾರಕ್ಕೊಮ್ಮೆ ರೈಲಿಗೆ ಬಂದು, ಖಣಿ ಬಾಜೂಕ ಒಂದು ಛಪ್ಪರದಾಗ ಕುಂತು ಪುಕ್ಕಟೆ ದವಾ ಕೊಡ್ತಿದ್ರು. ನಾ ಅಲ್ಲಿ ನೀರು ಕಾಸೋದು, ಗುಳಗಿ ಕಟ್ಟಿ ಕೊಡೋದು ಮಾಡ್ತಿದ್ದೆ. ನನ್ನ ಯಾರೂ ಕರದಿರಲಿಲ್ಲ, ನಾನೇ ಹೋಗಿ ನಿಂತಿದ್ದೆ.

ಚಳಿಜ್ವರದ ದವಾ ಕ್ವಿನೈನ್ ಭಾಳ ಕಹಿ. ಮಕ್ಕಳು ಉಗುಳಿಬಿಡ್ತಿದ್ವು. ಆಗ ಅದು ಸಿಗೋದೇ ಕಷ್ಟ, ಒಂದು ಗುಳಗಿ ಮಣ್ಣಿಗಿ ಬಿದ್ರ ಸಂಕಟ ಆಗ್ತಿತ್ತು. ಅದಕ್ಕ ನಾ ಒಂದು ಶಾಣ್ಯಾತನ ಮಾಡ್ದೆ. ಫರಸಿ ಹೊರೋ ಒಬ್ಬ ಹೆಣ್ಮಗಳು ಆರು ವರ್ಷದ ಮಗಳನ್ನ ಕರಕೊಂಡು ಬಂದಿದ್ಳು. ದಿನಾ ಮಧ್ಯಾಹ್ನ ಆತಂದ್ರ ಕೂಸು ಗಡಗಡ ನಡುಗ್ತದಂತ. ನಾ ಒಳಗ ಹೋಗಿ ಸಾಹೇಬ್ರು ಹೇಳಿದ ಏಳು ಗುಳಗಿ ಪುಡಿ ಮಾಡಿ, ಬೆಲ್ಲದಾಗ ಮುಚ್ಚಿ ಏಳು ಉಂಡಿ ಕಟ್ಟಿ ತಂದೆ. ಕೂಸಿನ ಕಿವಿಗಿ ಬೀಳಬಾರದಂತ ಅದರವ್ವನ ಮುಂದೂ ದವಾದ ಮಾತು ಎತ್ತಲಿಲ್ಲ.

"ದಿನಾ ಒಂದು ಉಂಡಿ ಕೊಡವ್ವಾ" ಅಂದೆ, ಅಷ್ಟೇ.

ಮುಂದಿನ ಐತವಾರ ಕೂಸು ಅವ್ವನ ಹೆಗಲ ಮ್ಯಾಲ ಬಂತು. ಕಣ್ಣು ಒಳಗ ಹೋಗಿದ್ವು.

"ಏಳೂ ಕೊಟ್ಟೀದ್ಯೇನವ್ವಾ?" ಸಾಹೇಬ್ರು ಕೇಳಿದ್ರು.

"ಒಂದು ಕೊಟ್ಟೀನ್ರಿ. ಉಳಿದಾವು ಓಣಿ ಹುಡುಗರಿಗೆ ಹಂಚಿದೆ."

"ಹಂಚಿದಿ?"

"ಬೆಲ್ಲ ಅಲ್ಲೇನ್ರೀ ಯಪ್ಪಾ! ಮನಿಗಿ ಸಿಹಿ ಬಂದ್ರ ಶರಣರ ಹೆಸರು ಹೇಳಿ ಎಲ್ಲರ ಕೈಗೂ ಹಾಕ್ತೀವಿ. ನಮ್ಮ ಕೂಸಿಗಷ್ಟೇ ಮುಚ್ಚಿ ತಿನಿಸಿದ್ರ ಮೈಗಿ ಹತ್ತತದೇನ್ರಿ? ಆದ್ರ ಅದೆಂಥಾ ಬೆಲ್ಲನೋ, ಹುಡುಗರೆಲ್ಲ ಥೂ ಥೂ ಅಂತ ಉಗುಳಿದ್ವು. ಬಾಜೂ ಮನಿಯಾಕಿ ಬಂದು, 'ಏನವ್ವಾ, ನಿನ್ನ ಬೆಲ್ಲ ಬೇವಿನ ರಸದಾಗ ಕಾಸ್ಯಾರೇನು?' ಅಂತ ನಗಾಡಿ ಹೋದ್ಳು."

ಸಾಹೇಬ್ರಿಗೆ ನಗು ಬರಲಿಲ್ಲ. ಬೆಲ್ಲದಾಗ ದವಾ ಅದ ಅಂತ ನಾ ಆಕಿಗಿ ಹೇಳೀನಿ ಅಂತನೇ ಅವರು ತಿಳಕೊಂಡಿದ್ರು. ಎದ್ದು ನಿಂತ್ರು. "ದವಾ ಯಾರರೆ ಹಂಚ್ತಾರೇನು? ನಿನ್ನ ಮಗಳನ್ನ ನೀನೇ ಕೊಲ್ಲಲಿಕತ್ತೀದಿ!"

ಆಕಿ ತಲಿ ತಗ್ಗಿಸಿದ್ಳು. "ತಪ್ಪಾತ್ರಿ" ಅಂದ್ಳು. ಏನು ತಪ್ಪಂತ ಆಕಿಗಿ ತಿಳಿದಿರಲಿಲ್ಲ. ತಿಳಿದಾವ ನಾನೊಬ್ಬ, ಬಾಜೂಕ ನೀರಿನ ಚರಿಗಿ ಹಿಡಕೊಂಡು ನಿಂತಿದ್ದೆ. ಬಾಯಿ ಬಿಡಲಿಲ್ಲ.

ಡಬ್ಬಿಯಾಗ ಐದೇ ಗುಳಗಿ ಉಳದಿದ್ವು. ಸಾಹೇಬ್ರು ಐದೂ ನನ್ನ ಅಂಗೈಗಿ ಸುರಿದ್ರು. "ಮುಂದ ಯಾವಾಗ ಬರ್ತಾವೋ ಗೊತ್ತಿಲ್ಲ. ದಿನಾ ಹೋಗಿ ನಿನ್ನ ಕೈಯಾರೆ ನುಂಗಿಸು."

ದಿನಾ ಹೋದೆ. ಬೆಲ್ಲ ಒಯ್ಯಲಿಲ್ಲ. ಕೂಸು ಕಚ್ಚಿ ನನ್ನ ಬೆರಳು ಬಾತಿತ್ತು. ನಾಕನೇ ದಿನ ಗುಳಗಿ ನುಂಗಿಸಿ ಅಲ್ಲೇ ಕುಂತೆ. ಬಿಸಲು ಹೊಸ್ತಿಲ ದಾಟಿತು, ನಡುಗೋ ಹೊತ್ತು ಹೋತು, ಕೂಸು ಒಂದು ತುಣುಕು ರೊಟ್ಟಿ ಬೇಡಿತು. ಆಕಿ ಸೆರಗಿಲೆ ಮುಖ ಒರಸಿಕೊಂಡು ಅಂದ್ಳು, "ಯಣ್ಣಾ, ನಾ ಮಾಡಿದ ತಪ್ಪಿಗಿ ನೀ ತಕಲೀಫ್ ಪಡಲಿಕತ್ತೀದಿ."

ಅದು ನನಗ ತಡಿಲಿಲ್ಲ. ಬೆಲ್ಲದಾಗ ದವಾ ಇತ್ತು, ನಾನೇ ನಿನಗ ಹೇಳಲಿಲ್ಲ ಅಂದುಬಿಟ್ಟೆ.

ಆಕಿ ಕೂಸಿಗಿ ರೊಟ್ಟಿ ಮುರದು ಕೊಟ್ಟು ನನ್ನ ಕಡೆ ತಿರುಗಿದ್ಳು.

"ಸಾಹೇಬ್ರು ನನಗ ಬೈಯೋಮುಂದ ನೀ ಅಲ್ಲೇ ಇದ್ದಿ."

"ಇದ್ದೆ."

ಆಕಿ ಕೈ ಚಾಚಿದ್ಳು. "ಇನ್ನೊಂದು ಉಳದದಲ್ಲ, ಕೊಡು. ನಾಳಿ ನಾನೇ ನುಂಗಿಸ್ತೀನಿ."

ಕೊಟ್ಟೆ. ಆಕಿ ಅದನ್ನ ಬೆಳಕಿಗಿ ಹಿಡದು ನೋಡಿದ್ಳು, ನಾಲಿಗಿಗಿ ತಾಕಿಸಿ ನೋಡಿದ್ಳು, ಆಮ್ಯಾಲ ಸೆರಗಿನ ತುದಿಗಿ ಗಂಟು ಹಾಕಿದ್ಳು.